ಎರಡು ಮಣ್ಣಿನ ಗೂಡು

ಈ ಕಥೆಯನ್ನು ಮೊದಲು ಹೇಳಿದವಳು ಕೊಣ್ಣೂರಿನ ಮುದುಕವ್ವ. ಹೇಳಿದ್ದು ೨೦೦೭ರ ಶ್ರಾವಣದ ಸೋಮವಾರಗಳಲ್ಲಿ, ಹೊಳೆಯ ಸೇತುವೆಗೆ ಹೋಗುವ ದಾರಿಯಲ್ಲಿದ್ದ ತನ್ನ ಮನೆಯ ಕಟ್ಟೆಯ ಮೇಲೆ. ಸೋಮವಾರ ಎತ್ತು ಹೂಡುವ ರೂಢಿ ಆ ಸೀಮೆಯಲ್ಲಿಲ್ಲವಾದ್ದರಿಂದ ಕೇಳುವವರಿಗೆ ಕೊರತೆಯಿರಲಿಲ್ಲ. ಕಥೆ ನಡೆದದ್ದು ಅದರ ಹಿಂದಿನ ವರ್ಷದ ಕಾರಹುಣ್ಣಿಮೆಯ ದಿನ, ಚಿಕ್ಕನರಗುಂದದ ಅಂದಾನೆಪ್ಪನ ಮನೆಯಲ್ಲಿ. ಬಾಣಂತಿಗೂ ಕೂಸಿಗೂ ನೀರು ಹಾಕುವ ಕೆಲಸಕ್ಕೆ ಮುದುಕವ್ವ ಆಗ ಆ ಮನೆಯಲ್ಲೇ ಇದ್ದಳು. ಕೋಣೆಯೊಳಗಿನದು ತಾನು ಕಣ್ಣಾರೆ ಕಂಡದ್ದು, ಪಡಸಾಲೆಯದು ಗೋಡೆಗೆ ಕಿವಿ ಹಚ್ಚಿ ಕೇಳಿದ್ದು, ಅಂದು ಆ ಮನೆಗೆ ಬಂದಿದ್ದ ಅಂಜುಮಳ ಮನಸ್ಸಿನದು ಅಂಜುಮಳೇ ಆಮೇಲೆ ಹೇಳಿದ್ದು ಎಂದು ಆಕೆ ಮೂರನ್ನೂ ಬೆರೆಸದೆ ತಿಳಿಸುತ್ತಿದ್ದಳು.

ಆ ಸೋಮವಾರ ಹೊಸದಾಗಿ ಬಂದು ಕುಳಿತವರಿಗಾಗಿ ಹಿಂದಿನದನ್ನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದಳು. ಕರಿ ಹರಿದು, ಅಂದರೆ ಓಟದಲ್ಲಿ ಊರಬಾಗಿಲಾದ ಅಗಸೆಯ ತೋರಣವನ್ನು ಮೊದಲು ಹರಿದು, ಗೆದ್ದ ಎತ್ತಿಗೆ ಹೊದಿಸುವ ಊರಿನ ಕೆಂಪು ಉಣ್ಣೆಯ ಝೂಲ ಕಾಣೆಯಾಗಿತ್ತು. ಅದರ ತೂತುಗಳಿಗೆ ರಫು ಹಾಕಿದ ಗಜೇಂದ್ರಗಡದ ಇಸ್ಮಾಯಿಲಸಾಬ, ಅದನ್ನು ಅಂದಾನೆಪ್ಪನ ಅಳಿಯ, ತನ್ನೂರಿನವನೇ ಆದ ಕಳಕೇಶನ ಕೈಗೆ ಕೊಟ್ಟೆನೆನ್ನುತ್ತಿದ್ದ. ಕಳಕೇಶ ಗಂಟಿನಲ್ಲಿ ಕಟ್ಟಿ ಮಾವನ ಮನೆಗೆ ಮುಟ್ಟಿಸಿದೆನೆನ್ನುತ್ತಿದ್ದ. ಅಂದಾನೆಪ್ಪ ಬಂದೇ ಇಲ್ಲವೆನ್ನುತ್ತಿದ್ದ. ಹುಣ್ಣಿಮೆಯ ಸಂಜೆಯೊಳಗೆ ಝೂಲ ಸಿಗದಿದ್ದರೆ ಇನ್ನು ಸೂಜಿ ಹಿಡಿಯುವುದಿಲ್ಲವೆಂದು ಇಸ್ಮಾಯಿಲಸಾಬ ಊರ ಮುಂದೆ ಮಾತು ಕೊಟ್ಟಿದ್ದ.

"ಇನ್ ಮುಂದಿಂದು ಕೇಳ್ರಿ," ಎಂದು ಮುದುಕವ್ವ ಸೆರಗು ಸರಿಮಾಡಿಕೊಂಡಳು.

*

"ಬಾಯಾರ, ನೀವು ಹುಳಾ ಹುಡಕಾಕ ಬಂದೀರೋ, ಝೂಲಾ ಹುಡಕಾಕ ಬಂದೀರೋ? ಒಂದ್ ಮಾತ್ ಹೇಳ್ರಿ."

ಅಂದಾನೆಪ್ಪ ಸೊಂಟದ ಮೇಲೆ ಕೈಯಿಟ್ಟು ಏಣಿಯ ಕೆಳಗೆ ನಿಂತಿದ್ದ. ಅಟ್ಟದಿಂದ ಇಳಿಯುತ್ತಿದ್ದ ಅಂಜುಮಳ ದುಪಟ್ಟಾ, ಹುಬ್ಬು, ಮೂಗಿನ ತುದಿ ಎಲ್ಲವೂ ಸುಣ್ಣದ ಪುಡಿಯಿಂದ ಬೆಳ್ಳಗಾಗಿದ್ದವು.

"ಹುಳಾ ಸಿಕ್ರ ಝೂಲಾ ಸಿಕ್ಕಂಗರಿ ಕಾಕಾ."

"ಅದ್ಯಾವ ಸಾಲ್ಯಾಗ ಕಲಿಸ್ತಾರ್ರಿ ಇದನ್ನ?"

"ರೋಣದ ಕಾಲೇಜಿನ್ಯಾಗ. ನಾನ ಕಲಿಸ್ತೀನಿ."

ಅಂದಾನೆಪ್ಪನಿಗೆ ಸಿಟ್ಟು ಬರಬೇಕಾಗಿತ್ತು, ನಗು ಬಂತು. ಅದನ್ನು ಮೀಸೆಯೊಳಗೇ ಅಡಗಿಸಿಕೊಂಡು ಬೇರೆ ಕಡೆ ನೋಡಿದ.

ಅಂಜುಮ ಪ್ರಾಣಿಶಾಸ್ತ್ರ ಕಲಿಸುವವಳು. ಇಸ್ಮಾಯಿಲಸಾಬನ ತಂಗಿಯ ಮಗಳು. ಓದಿದ್ದು, ಉಂಡದ್ದು, ಬೆಳೆದದ್ದು ಎಲ್ಲ ಆ ಮಾಮೂನ ಮನೆಯಲ್ಲಿ, ಅವನ ಸೂಜಿಯ ದುಡಿಮೆಯಲ್ಲಿ. ಎರಡು ಮಳೆಗಾಲದಿಂದ ರೋಣ, ನರಗುಂದ, ಗಜೇಂದ್ರಗಡದ ಮನೆಮನೆಯ ಗೋಡೆ ನೋಡುತ್ತ ತಿರುಗುತ್ತಿದ್ದಳು. ಅವಳು ಹುಡುಕುತ್ತಿದ್ದುದು ಒಂದೇ ಒಂದು ಸಣ್ಣ ಪತಂಗವನ್ನು. ಆ ಸೀಮೆಯವರು ಅದರ ಮರಿಯನ್ನು ಗ್ವಾಡಿ ಹುಳ ಎನ್ನುತ್ತಾರೆ.

ರೆಕ್ಕೆ ಬಂದ ಮೇಲೆ ಅದು ನೋಡುವಂಥದ್ದೇನಲ್ಲ. ಬೂದಿಯ ಬಣ್ಣ, ರೆಕ್ಕೆಯ ಮೇಲೆ ಮಸಿ ಸಿಡಿದಂಥ ಕೆಲವು ಚುಕ್ಕೆ, ಅಂಚಿಗೆ ನವಿರಾದ ಕೂದಲ ಕುಚ್ಚು; ಮುಚ್ಚಿಕೊಂಡು ಕುಳಿತರೆ ಅಕ್ಕಿಯ ಕಾಳಿನಷ್ಟು. ಅದರ ಚೆಲುವೆಲ್ಲ ಹುಳುವಾಗಿದ್ದಾಗಿನ ಮನೆಯಲ್ಲಿದೆ. ಬಾಯಿಂದ ರೇಷ್ಮೆ ತೆಗೆದು, ಸುತ್ತಲಿನ ಮಣ್ಣಿನ ಕಣ, ನೂಲಿನ ಎಳೆ, ಕೂದಲು ಏನು ಸಿಕ್ಕರೂ ಅದಕ್ಕೆ ಅಂಟಿಸಿ, ಸೌತೆಯ ಬೀಜದಂಥ ಚಪ್ಪಟೆ ಗೂಡು ಕಟ್ಟಿಕೊಳ್ಳುತ್ತದೆ. ಎರಡು ತುದಿಗೂ ಬಾಗಿಲು. ಬೇಕಾದ ಬಾಗಿಲಿನಿಂದ ತಲೆ ಹೊರಹಾಕಿ, ಮನೆಯನ್ನೇ ಎಳೆದುಕೊಂಡು ಗೋಡೆ ಏರುತ್ತದೆ.

ಗಜೇಂದ್ರಗಡದ ಗುಡ್ಡದ ಕೆಳಗಿನ ಮನೆಗಳಲ್ಲಿ ಅದರ ಗೂಡು ಕೆಂಪು; ನರಗುಂದದ ಎರೆಮಣ್ಣಿನ ಊರುಗಳಲ್ಲಿ ಕಪ್ಪು. ಹುಳು ಬೇರೆಯಲ್ಲ, ಅದು ತೊಟ್ಟ ಮಣ್ಣು ಬೇರೆ. ಇದನ್ನು ಖಾತ್ರಿ ಮಾಡಿಕೊಳ್ಳಲು ಅಂಜುಮಳಿಗೆ ಒಂದು ಇಡೀ ಮಳೆಗಾಲ ಹಿಡಿದಿತ್ತು.

ಉಣ್ಣೆ ತಿನ್ನುವ ಈ ಹುಳು ಉಣ್ಣೆಯ ಝೂಲದಲ್ಲಿ ಇದ್ದೇ ಇರುತ್ತದೆ, ಝೂಲ ಬಂದ ಮನೆಗೆ ಅದೂ ಬಂದಿರುತ್ತದೆ ಎಂಬುದು ಅವಳ ಲೆಕ್ಕ. ಆದರೆ ಅಂದಾನೆಪ್ಪ ಹಬ್ಬಕ್ಕೆಂದು ಮನೆಗೆಲ್ಲ ಸುಣ್ಣ ಬಳಿಸಿದ್ದ. ಪಡಸಾಲೆ, ಅಡುಗೆಮನೆ, ಕಾಳಿನ ಕೋಣೆ, ದನದ ಕೊಟ್ಟಿಗೆ, ಕಡೆಗೆ ಅಟ್ಟದ ಒಳಮೈ ಕೂಡ ಹಾಲು ಚೆಲ್ಲಿದಂತೆ ಹೊಳೆಯುತ್ತಿತ್ತು. ಒಂದು ಗೂಡೂ ಉಳಿದಿರಲಿಲ್ಲ.

"ಎಲ್ಲಾ ನೋಡಿದ್ರಿಲ್ಲೋ? ನಾ ಏನರ ಮುಚ್ಚಿಟ್ಟೀನೇನು?"

"ಇಲ್ರಿ ಕಾಕಾ."

"ಮತ್ತ? ನಿಮ್ಮ ಮಾಮಾ ಚಲೋ ಮನಶಾ, ನಾ ಇಲ್ಲನ್ನಂಗಿಲ್ಲ. ಆದ್ರ ಝೂಲಾ ನನ್ನ ಮನಿಗಿ ಬಂದಿಲ್ಲ. ಬಂದಿದ್ರ ನನಗ ಗೊತ್ತಾಗ್ತಿರಲಿಲ್ಲೇನು? ಹೋದ ವರ್ಷ ಕರಿ ಹರದದ್ದು ನನ್ನ ಎತ್ತು. ಝೂಲಾದ ಜ್ವಾಕಿ ನಂದು. ಸಂಜೀಕ ಊರ ಮಂದಿ ಕೇಳೋದು ನನ್ನ."

ಕಿಟಕಿಯಾಚೆ ಎದುರು ಮನೆಯ ಕಟ್ಟೆಯ ಮೇಲೆ ಇಸ್ಮಾಯಿಲಸಾಬ ಕುಳಿತಿದ್ದ. ಮುಂದೆ ಇಟ್ಟಿದ್ದ ಚಹಾ ಆರಿ ಹೋಗಿತ್ತು. ಝೂಲ ಸಿಗುವವರೆಗೆ ಈ ಊರಿನ ನೀರು ಕುಡಿಯುವುದಿಲ್ಲವೆಂದು ಕುಳಿತ ಮನುಷ್ಯನ ಬೆರಳುಗಳು ಮಾತ್ರ, ಸೂಜಿ ಇಲ್ಲದಿದ್ದರೂ, ಅಂಗಿಯ ತುದಿಯನ್ನು ಹಿಡಿದು ಹೊಲಿಯುವಂತೆ ಆಡುತ್ತಿದ್ದವು. ಅಂಜುಮ ಅತ್ತ ನೋಡಲಾರದೆ ತಿರುಗಿಕೊಂಡಳು.

ಆಗ ಕೂಸು ಅತ್ತಿತು.

*

"ಮನಿಗಿ ಬಂದಾಕಿ ಕೂಸಿನ ಮಾರಿ ನೋಡದ ಹೋಗ್ತೀಯೇನಬೇ?" ಎಂದು ಒಳಗಿನಿಂದ ಶೇಖವ್ವ ಕೂಗಿದಳು. ಅಂದಾನೆಪ್ಪನ ಹೆಂಡತಿ ಆಕೆ; ಕರೆದರೆ ಹೋಗದಿರಲು ಯಾರಿಗೂ ಧೈರ್ಯವಾಗದಂಥ ದನಿ. "ಹುಳಾ ನೋಡಾಕ ಹೊತ್ತೈತಿ, ನನ್ನ ಮೊಮ್ಮಗಳನ್ನ ನೋಡಾಕ ಇಲ್ಲೇನು?"

ಅಂಜುಮ ದುಪಟ್ಟಾ ಝಾಡಿಸಿಕೊಂಡು ಬಾಣಂತಿ ಕೋಣೆಯ ಬಾಗಿಲು ಸರಿಸಿದಳು.

ಒಳಗೆ ಲೋಬಾನದ ಹೊಗೆ, ಬಿಸಿನೀರಿನ ಹಬೆ. ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದ ನಿರ್ಮಲಾ ಹೊರಸಿನ ಮೇಲೆ ತಲೆಗೆ ಬಟ್ಟೆ ಕಟ್ಟಿಕೊಂಡು ಕುಳಿತಿದ್ದಳು. ಮುದುಕವ್ವ ಆಗಷ್ಟೇ ನೀರು ಹಾಕಿದ ಕೂಸು ತೊಟ್ಟಿಲಲ್ಲಿ ಮುಷ್ಟಿ ಬಿಗಿದು, ಯಾರ ಮೇಲೋ ತಕರಾರು ಇದ್ದಂತೆ ಅಳುತ್ತಿತ್ತು.

"ಇದರಪ್ಪನ ಹಂಗ ಬಾಯಿ," ಎಂದಳು ನಿರ್ಮಲಾ. "ಬಸ್ ಸ್ಟ್ಯಾಂಡಿನ್ಯಾಗ ನಿಂತು ಗಡದ ಮ್ಯಾಲಿನವರಿಗೆ ಕೇಳಸ್ತಾರ ಅವರು."

ಅಂಜುಮ ನಗಲು ಬಾಯಿ ತೆರೆದವಳು ಹಾಗೆಯೇ ನಿಂತಳು.

ಈ ಕೋಣೆಗೆ ಸುಣ್ಣ ಬಳಿದಿರಲಿಲ್ಲ.

"ಅವ್ವಾರ, ಈ ಗ್ವಾಡಿಗೆ ಯಾಕ್ರಿ ಹಚ್ಚಿಲ್ಲ?"

"ಹುಚ್ಚೀಯೇನ ನೀ? ಹಸೀ ಸುಣ್ಣದಾಗ ಬಾಣಂತೀನ ಕೂಡಸ್ತಾರೇನು? ಥಂಡಿ ಆಗಿ ಹಲ್ಲು ಕಡಿಯೂದಿಲ್ಲ? ಕೂಸಿನ ಕಟಗೊಂಡು ಗಂಡನ ಮನಿಗಿ ಹೋದ ಮ್ಯಾಲೇ ಸುಣ್ಣ."

ಬೇಸಿಗೆಯ ಒಣಗಾಳಿಗೆ ಊರಿನ ಗೋಡೆಗಳೆಲ್ಲ ಬಿರಿದು ಹುಳು ಸತ್ತು ಹೋಗುವ ಕಾಲದಲ್ಲಿಯೂ ಈ ಒಂದು ಕೋಣೆ, ದಿನವೂ ನೀರು ಹಾಕುವ ಹಬೆಯಲ್ಲಿ, ಮಳೆಗಾಲದಂತೆ ತೇವವಾಗಿ ಉಳಿದಿತ್ತು. ಅಂಜುಮ ಚೀಲದಿಂದ ಭೂತಗನ್ನಡಿ ತೆಗೆದಳು. ಕೂಸಿನ ಮುಖ ನೋಡುವಳೆಂದು ಶೇಖವ್ವ ದಾರಿ ಬಿಟ್ಟರೆ, ಅವಳು ಹೋಗಿ ಮೂಗನ್ನು ಗೋಡೆಗೆ ಹಚ್ಚಿದಳು.

"ಇದೇನ ಇದು! ನನ್ನ ಮೊಮ್ಮಗಳು ಇತ್ತಾಗ ಅದಾಳ!"

ಗೋಡೆಯಲ್ಲಿ ಗೂಡುಗಳಿದ್ದವು. ಒಂದು ತಲೆ ಹೊರಹಾಕಿ, ಬೆಳಕು ಬಿದ್ದೊಡನೆ ಒಳಗೆಳೆದುಕೊಂಡಿತು. ಮೊದಲ ನೋಟಕ್ಕೆ ಎಲ್ಲವೂ ಎರೆಮಣ್ಣಿನ ಕಪ್ಪು ಗೂಡುಗಳೇ. ಗಜೇಂದ್ರಗಡದ್ದು ಒಂದೂ ಇಲ್ಲ. ಅಂಜುಮ ಕನ್ನಡಿಯನ್ನು ಇನ್ನಷ್ಟು ಹತ್ತಿರ ತಂದಳು. ಆಮೇಲೆ ಒಂದು ಗೂಡನ್ನು ಉಗುರಿನಿಂದ ಎಬ್ಬಿಸಿ ಅಂಗೈಯಲ್ಲಿ ಹಾಕಿಕೊಂಡು ಬಾಗಿಲ ಬೆಳಕಿಗೆ ಹಿಡಿದಳು.

"ಕಾಕಾ!" ಎಂದು ಅವಳು ಕೂಗಿದ ದನಿಗೆ ಕೂಸು ಅಳು ನಿಲ್ಲಿಸಿತು.

*

ಬಾಣಂತಿ ಕೋಣೆಯೊಳಗೆ ಗಂಡಸರು ಕಾಲಿಡುವುದಿಲ್ಲ. ಅಂದಾನೆಪ್ಪ ಹೊಸ್ತಿಲಿನಾಚೆ ನಿಂತು, ಒಳಗೆ ಕಣ್ಣು ಹೋಗಬಾರದೆಂದು ಬಾಗಿಲ ಮೇಲಿನ ತೊಲೆಯನ್ನೇ ನೋಡುತ್ತ ಕೈ ಚಾಚಿದ. ಅಂಜುಮ ಗೂಡನ್ನು ಅವನ ಅಂಗೈಯಲ್ಲಿಟ್ಟು ಮೇಲೆ ಕನ್ನಡಿ ಹಿಡಿದಳು.

"ಏನ್ ಕಾಣ್ತೈತ್ರಿ?"

"ಸೌತಿ ಬೀಜ."

"ಬಣ್ಣ ಹೇಳ್ರಿ."

"ಎರಡೂ ತುದಿ ಕಪ್ಪ. ನಡುವ..." ಅಂದಾನೆಪ್ಪ ತಡೆದ. "ನಡುವ ಕೆಂಪ ಐತಿ."

"ಈ ಹುಳಾ ಬೆಳದಂಗ ಬೆಳದಂಗ ಮನಿಗಿ ಎರಡೂ ತುದಿಗಿ ಖೋಲಿ ಹಚ್ಚಿಕೋತ ಹೋಗತೈತ್ರಿ. ನಡುವಿಂದು ಹಳೇದು, ತುದಿ ಹೊಸಾದು. ಹುಟ್ಟಿದ ಊರಿನ ಮಣ್ಣು ನಡುವ ಇರತೈತಿ. ಇಂಥಾ ಕೆಂಪು ಮರಳು ನಿಮ್ಮೂರಾಗ ಎಲ್ಲೈತಿ, ತೋರಸ್ರಿ."

"ನಮ್ಮೂರಾಗ ಎಲ್ಲೀದು. ಎಲ್ಲಾ ಎರಿ."

"ಗಜೇಂದ್ರಗಡದಾಗ ಗುಡ್ಡದ ಕೆಳಗ ಐತಿ. ನಮ್ಮ ಮಾಮೂನ ಅಂಗಡಿ ಗ್ವಾಡಿ ಅದ ಮಣ್ಣಿಂದು."

ಅಂದಾನೆಪ್ಪ ಸೋಲನ್ನು ಅಷ್ಟು ಸುಲಭವಾಗಿ ಒಪ್ಪುವವನಲ್ಲ. "ಹಾರಿ ಬಂದಿರಬೇಕ್ರಿ. ಪತಂಗ ಅಂದ ಮ್ಯಾಲೆ ರೆಕ್ಕಿ ಇರತಾವಿಲ್ಲೋ?"

"ರೆಕ್ಕಿ ಬಂದ ಮ್ಯಾಲೆ ಮನಿ ಬಿಟ್ಟು ಹೋಗತೈತಿ, ಹೊತ್ಕೊಂಡು ಹಾರಂಗಿಲ್ಲ. ಅದಕ್ಕ ಒಂದು ಓಣಿ ದಾಟಾಕ ಆಗಂಗಿಲ್ರಿ, ರೋಣ ದಾಟಿ ಇಲ್ಲೀತನಾ ಬರತೈತೇನು?"

"ಹಂಗಾರ ನಮ್ಮ ಅಳಿಯಾನ ಬೂಟಿಗಿ ಹತ್ತಿ ಬಂದಿರಬೇಕು. ಇಲ್ಲಾ ನಿಮ್ಮ ಈ ಚೀಲದಾಗ."

ಇದು ಚುಚ್ಚುಮಾತು. ಅಂಜುಮ ಗೂಡಿನ ಮೇಲೆ ಕನ್ನಡಿಯನ್ನು ಮತ್ತೆ ಸರಿಮಾಡಿ ಹಿಡಿದಳು.

"ಇನ್ನೊಮ್ಮೆ ನೋಡ್ರಿ ಕಾಕಾ. ಮಣ್ಣು ಬಿಡ್ರಿ. ಮಣ್ಣಿನ ನಡುವ ಎಳಿ ಎಳಿ ಏನೈತಿ?"

ಅಂದಾನೆಪ್ಪ ಕಣ್ಣು ಕಿರಿದುಮಾಡಿದ. ಮೀಸೆ ಕನ್ನಡಿಗೆ ತಾಗಿತು. "ಕೆಂಪು ನೂಲು."

"ಉಣ್ಣೀರಿ ಅದು. ನಡುವಿನ ಕೆಂಪು ಮಣ್ಣಿನ್ಯಾಗ?"

"ಐತಿ."

"ತುದೀ ಕಪ್ಪು ಮಣ್ಣಿನ್ಯಾಗ?"

ಅಂದಾನೆಪ್ಪ ಗೂಡನ್ನು ಬೆರಳಿನಿಂದ ಹೊರಳಿಸಿ ನೋಡಿದ.

"ಅಲ್ಲೂ ಐತಿ," ಎಂದ, ಈ ಸಲ ಮೆಲ್ಲಗೆ.

"ಮಣ್ಣು ಬದಲಾತು, ಉಣ್ಣಿ ಬದಲಾಗಲಿಲ್ಲ. ಅಲ್ಲಿ ತಿಂದ ಕೆಂಪು ಉಣ್ಣೀನ ಇಲ್ಲಿಗಿ ಬಂದೂ ತಿಂದೈತಿ. ಬೂಟಿನ ಮ್ಯಾಲೆ ಕೆಂಪು ಉಣ್ಣಿ ಬೆಳಿತೈತೇನ್ರಿ? ನನ್ನ ಚೀಲಾ ಹತ್ತಿ ಅರಬೀದು, ಮುಟ್ಟಿ ನೋಡ್ರಿ. ಕೆಂಪು ಉಣ್ಣಿ ವಸ್ತ್ರ ಒಂದು ಗಜೇಂದ್ರಗಡದಿಂದ ಈ ಖೋಲಿಗಿ ಬಂದೈತಿ, ಮತ್ತ ಭಾಳ ದಿನ ಇಲ್ಲೇ ಇತ್ತು."

ಅಂದಾನೆಪ್ಪ ತೊಲೆಯಿಂದ ಕಣ್ಣು ಇಳಿಸಿ, ಮರೆತು, ನೇರವಾಗಿ ಹೆಂಡತಿಯ ಮುಖ ನೋಡಿದ.

"ಏನ್ ನನ್ನ ನೋಡ್ತೀರಿ?" ಶೇಖವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ನಾ ಕಳ್ಳೀ ಅಂತೀರೇನು? ಎತ್ತಿನ ಝೂಲಾ ತಗೊಂಡು ನಾ ಏನ ಹೊತಗೊಂಡು ಅಡ್ಡಾಡ್ಲ್ಯಾ?"

"ನಾ ಎಲ್ಲಿ ಅಂದೆ..."

"ನಿಮ್ಮ ಮೀಸಿ ಅಂತು!"

ನಿರ್ಮಲಾ ಹೊರಸಿನ ಮೇಲೆ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದಳು. ಅಂಜುಮ ಮಾತ್ರ ನಗದೆ, ಕನ್ನಡಿ ಹಿಡಿದು ಗೋಡೆಯುದ್ದಕ್ಕೂ ಗೂಡುಗಳ ಬೆನ್ನು ಹತ್ತಿದಳು. ಬಾಗಿಲ ಬಳಿ ಒಂದೊಂದು. ನೀರು ಹಾಕುವ ಕಲ್ಲಿನ ಮೇಲೆ ಕೆಲವು. ತೊಟ್ಟಿಲು ತೂಗುಹಾಕಿದ ಮೂಲೆಯಲ್ಲಿ ಗುಂಪಾಗಿದ್ದವು, ತೊಟ್ಟಿಲಿನ ಹಗ್ಗದಲ್ಲಿ ಒಂದು ಮೆಲ್ಲಗೆ ಇಳಿಯುತ್ತಿತ್ತು.

"ಅವ್ವಾರ," ಎಂದಳು ಅಂಜುಮ, "ಕಳಕೇಶಣ್ಣ ತಂದ ಗಂಟಿನ್ಯಾಗ ಏನೇನಿತ್ತು?"

"ಏನಿರತೈತಿ? ಕೂಸಿಗಿ ಹಾಸಾಕ ಹಳೇ ಅರಬಿ. ಹಿರ್ಯಾರು ಉಟ್ಟು ಮೆತ್ತಗ ಮಾಡಿದ್ದು. ಬೀಗರ ಮನಿಯಿಂದ ಬರಬೇಕಲ್ಲ? ಈಕಿ ಅತ್ತಿ ಸೀರಿ ಎರಡು, ಧೋತರ, ಮತ್ತ ಒಂದು ಕೌದಿ."

"ಕೌದಿ ನೋಡಿದ್ರೇನು?"

"ನೋಡೋದೇನೈತಿ, ಕೌದಿ ಕೌದಿನ. ತ್ಯಾಪಿ ತ್ಯಾಪಿ ಹಚ್ಚಿ ಹೊಲದದ್ದು. ದಪ್ಪ ಇತ್ತು, ತೊಟ್ಟಲದಾಗ ತಳಕ್ಕ ಹಾಸೀನಿ." ಶೇಖವ್ವನ ದನಿ ಕೊನೆಯ ಮಾತಿಗೆ ಬರುವಷ್ಟರಲ್ಲಿ ಸಣ್ಣದಾಯಿತು. "ಹೊಗಿ ಇತ್ತು. ಮಡಿಕಿ ಬಿಚ್ಚದ ಹಾಸೀನಿ."

ನಿರ್ಮಲಾ ಎದ್ದು ಕೂಸನ್ನು ಎತ್ತಿಕೊಂಡಳು. ಮುದುಕವ್ವ ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡು ಮೇಲಿನ ಸೀರೆಗಳನ್ನು ತೆಗೆದಳು. ಕೆಳಗೆ ಕೌದಿ. ಅಂಜುಮ ಅದರ ಅಂಚು ಹಿಡಿದು ಮಗುಚಿದಳು.

ಆ ಹೊಗೆಯ ಕೋಣೆಯಲ್ಲಿ ಕೆಂಪು ಬಣ್ಣ ಒಮ್ಮೆಲೇ ಹೊತ್ತಿಕೊಂಡಂತಾಯಿತು.

ಝೂಲ! ಒಳಮೈಯ ಅಸ್ತರ ಹಳೆಯ ಸೀರೆಗಳ ತೇಪೆಯದು. ಹೊರಮೈ ದಾಳಿಂಬೆಯ ಕೆಂಪು, ನಡುವೆ ಹಳದಿ ಉಣ್ಣೆಯ ಬಳ್ಳಿ. ಅಸ್ತರ ಹೊರಗಾಗಿ ಮಡಿಸಿದ್ದರಿಂದ ಊರಿನ ಮಾನವೇ ಕೌದಿಯಾಗಿ, ತೊಟ್ಟಿಲ ತಳದಲ್ಲಿ ಕೂಸಿನ ಮೂತ್ರ ಕುಡಿಯುತ್ತ ಮಲಗಿತ್ತು.

ಮೊದಲು ನಕ್ಕವಳು ಶೇಖವ್ವ. ಸದ್ದಿಲ್ಲದೆ ಶುರುವಾಗಿ ಹೊಟ್ಟೆ ಹಿಡಿದುಕೊಂಡು ಗೋಡೆಗೆ ಒರಗುವವರೆಗೆ ನಕ್ಕಳು. "ಎತ್ತು ಇನ್ನೂ ಓಡೇ ಇಲ್ಲ, ನನ್ನ ಮೊಮ್ಮಗಳು ಕರಿ ಹರದು ಝೂಲಾ ಹೊಡಕೊಂಡ್ಳು! ಕೇಳಿದ್ರ್ಯಾ, ನಿಮ್ಮ ಎತ್ತಿಗಿ ಹೇಳ್ರಿ, ಮನ್ಯಾಗ ಕುಂದ್ರು ಅಂತ!"

*

ಮುಂದಿನದೆಲ್ಲ ಗದ್ದಲ. ಅಂದಾನೆಪ್ಪ ಝೂಲವನ್ನು ಹೆಗಲಿಗೆ ಹಾಕಿಕೊಂಡು, ಅದು ಯಾವುದರಿಂದ ಒದ್ದೆಯಾಗಿದೆಯೆಂಬುದನ್ನೂ ಗಮನಿಸದೆ ಬೀದಿಗೆ ಓಡಿದ. ಹಲಗೆ ಬಾರಿಸುವವರನ್ನು ಕೂಗಿದ. ಅಗಸೆಯ ಬಳಿ ಬೇವಿನ ತೋರಣ ಕಟ್ಟುತ್ತಿದ್ದವರು, ಎತ್ತಿನ ಕೊಂಬಿಗೆ ಬಣ್ಣ ಹಚ್ಚುತ್ತಿದ್ದವರು, ಕೈಯ ಬಣ್ಣ ಕೈಯಲ್ಲೇ ಹಿಡಿದು ಬಂದರು. ಅಂದಾನೆಪ್ಪ ನೇರವಾಗಿ ಎದುರಿನ ಕಟ್ಟೆಗೆ ಹೋಗಿ, ಎಲ್ಲರೂ ನೋಡುವಂತೆ ಇಸ್ಮಾಯಿಲಸಾಬನನ್ನು ಅಪ್ಪಿಕೊಂಡ.

"ಸಾಬ್ರ, ತಪ್ಪಾತ್ರಿ. ನಿಮ್ಮ ಮಾತು ಖರೇ ಇತ್ತು. ನನ್ನ ತೊಟ್ಟಲದಾಗ ಇಟಗೊಂಡು ನಿಮ್ಮನ್ನ ಕಳ್ಳನ್ನ ಮಾಡಿದೆ."

ಇಸ್ಮಾಯಿಲಸಾಬ ಅವನ ಬೆನ್ನು ತಟ್ಟಿದ. ಯಾರೋ ಬಿಸಿ ಚಹಾ ತಂದುಕೊಟ್ಟರು, ಕುಡಿದ. ಹಲಗೆ ಶುರುವಾಯಿತು. ಬಾಗಿಲಲ್ಲಿ ನಿಂತ ಅಂಜುಮ, ಸುಣ್ಣ ಬಿತ್ತೆಂದು ನೆಪ ಮಾಡಿ ಕಣ್ಣು ಒರೆಸಿಕೊಂಡಳು.

ಮಂದಿ ಝೂಲವನ್ನು ಬಿಸಿಲಿಗೆ ಹರವಿ ಹಿಡಿದರು.

"ನೋಡ್ರಿ ಎಂಥಾ ರಫು!" ಎಂದು ಅಂದಾನೆಪ್ಪ ಉಣ್ಣೆಯ ಮೇಲೆ ಕೈಯಾಡಿಸಿದ. "ಹೋದ ವರ್ಷ ಜರಡಿ ಆಗಿತ್ತು ಇದು. ಈಗ ತೂತು ಎಲ್ಲಿತ್ತು ಅನ್ನೂದು ಕಾಣಂಗಿಲ್ಲ. ಇದಕ್ಕ ಅಂತಾರ ಕೈ!"

"ಭೇಷ್ ಸಾಬ್ರ! ದೇವರ ಕೈರಿ!"

"ಇಂಥಾ ರಫು ಹುಬ್ಬಳ್ಯಾಗೂ ಸಿಗಂಗಿಲ್ಲ."

ಇಸ್ಮಾಯಿಲಸಾಬ ನಗುತ್ತಲೇ ಬಂದು ಝೂಲದ ಅಂಚು ಹಿಡಿದ. ನಗುತ್ತಲೇ ಅವನ ಬೆರಳುಗಳು ಹೊರಮೈ ಮೇಲೆ ಹರಿದವು. ಬಳ್ಳಿಯ ಬುಡಕ್ಕೆ ಬಂದು ನಿಂತವು. ಹಿಂದೆ ಹೋದವು. ಮತ್ತೆ ಬಂದವು. ನಗು ಮುಖದಲ್ಲಿ ಉಳಿದಿತ್ತು, ಕಣ್ಣಿನಲ್ಲಿರಲಿಲ್ಲ.

ಅಂಜುಮ ಜನರನ್ನು ಸರಿಸಿ ಹತ್ತಿರ ಹೋದಳು. "ಮಾಮೂ? ಏನಾತು?"

ಅವಳ ಕಿವಿಯಲ್ಲಿ ಮಾತ್ರ ಅವನು ಹೇಳಿದ: "ರಫು ಕಾಣಂಗಿಲ್ಲ ಅಂತ ಹೊಗಳಾಕತ್ತಾರ, ಬೇಟಿ. ರಫು ಇಲ್ಲೇ ಇಲ್ಲ. ತೂತೇ ಬಿದ್ದಿಲ್ಲ ಇದಕ್ಕ."

ಅಂಜುಮ ಕನ್ನಡಿ ತೆಗೆದು ನೋಡಿದಳು. ಬಣ್ಣ ಅದೇ, ಬಳ್ಳಿಯೂ ಅದೇ, ಆದರೆ ನೇಯ್ಗೆ ಎಲ್ಲಿಯೂ ಮುರಿದಿರಲಿಲ್ಲ. ಅಂಚಿನಲ್ಲಿ ಹುಳು ಈಚೆಗೆ ಮೆದ್ದ ಗುರುತು ಬಿಟ್ಟರೆ ಮೈಯೆಲ್ಲ ಇಡಿಯಾಗಿತ್ತು. ತನ್ನ ಹುಳು ಸುಳ್ಳು ಹೇಳಿರಲಿಲ್ಲ. ಕೆಂಪು ಉಣ್ಣೆಯ ವಸ್ತ್ರವೊಂದು ಗಜೇಂದ್ರಗಡದಿಂದ ಬಂದದ್ದು ನಿಜ. ಯಾವ ವಸ್ತ್ರ ಎಂದು ಅದನ್ನು ಕೇಳುವುದನ್ನು ತಾನೇ ಮರೆತಿದ್ದಳು.

ಹತ್ತಿರದಲ್ಲಿದ್ದ ಅಂದಾನೆಪ್ಪನಿಗೂ ಆ ಮಾತು ಕೇಳಿಸಿತ್ತು. ಅವನು ಬಾಗಿ, ಬಾಯಿಗೆ ಕೈ ಅಡ್ಡ ಹಿಡಿದು ಹೇಳಿದ: "ಸುಮ್ಮಕಿರ್ರಿ ಸಾಬ್ರ. ಸಂಜೀತನಾ ಸುಮ್ಮಕಿರ್ರಿ. ನಿಮ್ಮ ಹೆಸರೂ ಉಳಿತೈತಿ, ನನ್ನ ಹೆಸರೂ ಉಳಿತೈತಿ. ಇಷ್ಟ ಮಂದ್ಯಾಗ ಯಾರಿಗಿ ಗೊತ್ತಾಗತೈತಿ?"

ಇಸ್ಮಾಯಿಲಸಾಬ ಒಮ್ಮೆ ತನ್ನನ್ನು ಹೊಗಳುತ್ತಿದ್ದ ಮುಖಗಳನ್ನೆಲ್ಲ ನೋಡಿದ. ಅವನ ಬದುಕಿನಲ್ಲಿ ಯಾರೂ ಅವನ ಕೆಲಸಕ್ಕೆ ಇಷ್ಟು ದೊಡ್ಡ ದನಿಯಲ್ಲಿ ಭೇಷ್ ಅಂದಿರಲಿಲ್ಲ. ಆಮೇಲೆ ಕೈ ಮೇಲೆತ್ತಿದ.

"ಹಲಗಿ ನಿಲ್ಲಸ್ರಿ."

ಹಲಗೆ ಒಂದೊಂದಾಗಿ ನಿಂತಿತು.

"ನಾ ಮಾಡದ ಕೆಲಸಕ್ಕ ನನ್ನ ಹೊಗಳಬ್ಯಾಡ್ರಿ. ನಾ ರಫು ಮಾಡಿದ ಝೂಲಾ ಇದಲ್ಲ. ನಿಮ್ಮ ಊರ ಝೂಲಾ ಇನ್ನೂ ಸಿಕ್ಕಿಲ್ಲ."

ಹೊತ್ತು ಆಗಲೇ ಪಡುವಣಕ್ಕೆ ವಾಲಿತ್ತು. ಬಣ್ಣ ಬಳಿದ ಕೊಂಬಿನ ಎತ್ತುಗಳು ಅಗಸೆಯ ಹಾದಿಯಲ್ಲಿ ಗೆಜ್ಜೆ ಕುಣಿಸುತ್ತ ನಿಂತಿದ್ದವು. ಬಾಗಿಲಿಗೆ ಬಂದಿದ್ದ ಶೇಖವ್ವ ಕೂಸನ್ನು ಎದೆಗೊತ್ತಿಕೊಂಡು ಕೇಳಿದಳು:

"ಹಂಗಾರ ನನ್ನ ಮೊಮ್ಮಗಳು ಇಷ್ಟ ದಿನ ಮಲಗಿದ್ದು ಯಾವ ಊರಿನ ಎತ್ತಿನ ಝೂಲದ ಮ್ಯಾಲೆ? ಅದನ್ನ ಕಳಕೊಂಡವರು ಯಾರನ್ನ ಕಳ್ಳ ಅನ್ನಾಕತ್ತಾರ?"

*

ಇಲ್ಲಿಗೆ ಮುದುಕವ್ವ ಬಾಯಿ ಮುಚ್ಚಿದಳು.

"ಏ ಅಮ್ಮಾ, ಕಳಕೇಶನ್ನ ಹಿಡದು ಕೇಳಿದ್ರಿಲ್ಲೋ?" ಎಂದರು ಒಬ್ಬರು.

"ಇಬ್ಬರು ಗೊತ್ತಿಲ್ಲದಂಗ ಗಂಟು ಬದಲಿ ಮಾಡಿರಬೇಕು, ಬಸ್ಸಿನ್ಯಾಗ," ಎಂದರು ಇನ್ನೊಬ್ಬರು.

"ನೀವ ಹೇಳಿದ್ರ ಮುಂದಿನ ಸೋಮವಾರ ನಾ ಬಂದು ನಿಮ್ಮ ಕಟ್ಟಿ ಮ್ಯಾಲೆ ಕುಂದರ್ತೀನಿ, ಹೇಳ್ರಿ," ಎಂದು ಮುದುಕವ್ವ ಎದ್ದು ಒಲೆ ಹೊತ್ತಿಸಲು ಒಳಗೆ ಹೋದಳು.

ಕೇಳಿದವರು ಮೈಮುರಿದು ಎದ್ದರು. ಕೆಲವರು ಬಸ್ಸಿನ ಪಕ್ಷ, ಕೆಲವರು ಕಳಕೇಶನ ಪಕ್ಷ ಹಿಡಿದು, ದಾರಿಯುದ್ದಕ್ಕೂ ವಾದ ಮಾಡುತ್ತ, ನಗುತ್ತ, ಹೊತ್ತು ಮುಳುಗುವ ಮೊದಲೇ ಮನೆ ಸೇರಿದರು. ತಮ್ಮ ತಮ್ಮ ಮನೆಯ ಗೋಡೆಯನ್ನು ಅಂದು ಅವರೆಲ್ಲ ಒಮ್ಮೆ ಹತ್ತಿರದಿಂದ ನೋಡಿದರಂತೆ.